ಡೆಸ್ಕ್‌ಟಾಪ್ ಫಲಕ ತೆರೆದುಕೊಳ್ಳದಿರುವ ದೋಷ

ಡೆಸ್ಕ್‌ಟಾಪ್ ಫಲಕ ತೆರೆದುಕೊಳ್ಳದಿರುವ ದೋಷ ಎಂದರೆ, ಗಣಕಯಂತ್ರದಲ್ಲಿ ಹೆಸರು ಮತ್ತು ಗುಪ್ತಪದ ನೀಡಿ ಲಾಗಿನ್ ಆದ ಬಳಿಕವೂ ಪರದೆಯ ಅಂಚಿನಲ್ಲಿ ಇರಬೇಕಾದ ಪಟ್ಟಿಯು ಕಾಣಿಸಿಕೊಳ್ಳದಿರುವ ಸ್ಥಿತಿ. ಈ ಪಟ್ಟಿಯನ್ನು ಲಿನಕ್ಸ್ ಆಧಾರಿತ ಕಾರ್ಯಾಚರಣ ವ್ಯವಸ್ಥೆಗಳಲ್ಲಿ ‘ಪ್ಯಾನಲ್’ ಅಥವಾ ‘ಫಲಕ’ ಎಂದೂ, ವಿಂಡೋಸ್‌ನಲ್ಲಿ ‘ಟಾಸ್ಕ್‌ಬಾರ್’ ಎಂದೂ ಕರೆಯುತ್ತಾರೆ. ದೋಷ ಉಂಟಾದಾಗ ಹಿನ್ನೆಲೆಯ ಚಿತ್ರ ಮತ್ತು ಮೌಸ್‌ನ ಬಾಣದ ಗುರುತು ಮಾತ್ರ ಕಾಣುತ್ತವೆ. ಅನ್ವಯಗಳ ಮೆನು, ಗಡಿಯಾರ, ಜಾಲಸಂಪರ್ಕದ ಚಿಹ್ನೆ, ಗಣಕವನ್ನು ಮುಚ್ಚುವ ಗುಂಡಿ ಇವೆಲ್ಲವೂ ಫಲಕದ ಮೇಲೆಯೇ ಇರುವುದರಿಂದ, ಬಳಕೆದಾರರಿಗೆ ಇಡೀ ಗಣಕವೇ ಕೆಟ್ಟಿತೆಂಬ ಭಾವನೆ ಬರುತ್ತದೆ.

ವಾಸ್ತವದಲ್ಲಿ, ಬಹುತೇಕ ಪರಿಸರಗಳಲ್ಲಿ, ಫಲಕವು ಒಂದು ಪ್ರತ್ಯೇಕ ತಂತ್ರಾಂಶ. ಅದು ಆರಂಭವಾಗದಿದ್ದರೂ ಬಳಕೆದಾರರು ಬರೆದಿಟ್ಟ ಕಡತಗಳು ತಮ್ಮ ಸ್ಥಳದಲ್ಲಿಯೇ ಇರುತ್ತವೆ. ಆದುದರಿಂದ ಈ ದೋಷಕ್ಕಾಗಿ ಹಾರ್ಡ್ ಡಿಸ್ಕನ್ನು ಅಳಿಸಿ (ಫಾರ್ಮ್ಯಾಟ್ ಮಾಡಿ) ವ್ಯವಸ್ಥೆಯನ್ನು ಹೊಸದಾಗಿ ಸ್ಥಾಪಿಸುವ ಅಗತ್ಯ ಬಹಳ ವಿರಳ. ಅವಸರದಲ್ಲಿ ಹಾಗೆ ಮಾಡಿದರೆ, ದೋಷದಿಂದ ಆಗದಿದ್ದ ನಷ್ಟವು ಪರಿಹಾರದಿಂದ ಆಗುತ್ತದೆ.

ಫಲಕದ ಸ್ವರೂಪ ಮತ್ತು ಇತಿಹಾಸ

ಪರದೆಯ ಒಂದು ಅಂಚಿನಲ್ಲಿ ಅನ್ವಯಗಳ ಚಿಹ್ನೆಗಳನ್ನು ಸಾಲಾಗಿ ಇಡುವ ಪದ್ಧತಿಯು 1980ರ ದಶಕದಲ್ಲಿಯೇ ರೂಪುಗೊಂಡಿತು. 1989ರಲ್ಲಿ ಬಿಡುಗಡೆಯಾದ ನೆಕ್ಸ್ಟ್‌ಸ್ಟೆಪ್ ವ್ಯವಸ್ಥೆಯ ‘ಡಾಕ್’ ಇದಕ್ಕೆ ಪ್ರಸಿದ್ಧ ಉದಾಹರಣೆ. 1995ರ ಆಗಸ್ಟ್ 24ರಂದು ಬಿಡುಗಡೆಯಾದ ವಿಂಡೋಸ್ 95, ‘ಸ್ಟಾರ್ಟ್’ ಗುಂಡಿಯುಳ್ಳ ಟಾಸ್ಕ್‌ಬಾರನ್ನು ಮನೆಮನೆಗೆ ಪರಿಚಯಿಸಿತು.

ಲಿನಕ್ಸ್ ಬಳಕೆದಾರರಿಗಾಗಿ ಮಥಿಯಾಸ್ ಎಟ್ರಿಶ್ 1996ರಲ್ಲಿ ಕೆಡಿಇ ಯೋಜನೆಯನ್ನು ಆರಂಭಿಸಿದರು. ಅದೇ ವರ್ಷ ಒಲಿವಿಯೆ ಫೋರ್ಡಾನ್ ಎಕ್ಸ್‌ಎಫ್‌ಸಿಇ ಯೋಜನೆಯನ್ನೂ, 1997ರಲ್ಲಿ ಮಿಗೆಲ್ ಡಿ ಇಕಾಝಾ ಮತ್ತು ಫೆಡೆರಿಕೊ ಮೆನಾ ಗ್ನೋಮ್ ಯೋಜನೆಯನ್ನೂ ಆರಂಭಿಸಿದರು. ಗ್ನೋಮ್‌ನ 2ನೆಯ ಸರಣಿಯಲ್ಲಿ ಮೇಲೊಂದು ಕೆಳಗೊಂದು ಎರಡು ಫಲಕಗಳಿರುತ್ತಿದ್ದವು. 2011ರ ಏಪ್ರಿಲ್‌ನಲ್ಲಿ ಬಂದ ಗ್ನೋಮ್ 3ರಲ್ಲಿ ಪ್ರತ್ಯೇಕ ಫಲಕವನ್ನು ಕೈಬಿಟ್ಟು, ಅದರ ಕೆಲಸವನ್ನು ‘ಗ್ನೋಮ್ ಶೆಲ್’ ಎಂಬ ಒಂದೇ ತಂತ್ರಾಂಶಕ್ಕೆ ಒಪ್ಪಿಸಲಾಯಿತು. ಈ ಬದಲಾವಣೆಯನ್ನು ಒಪ್ಪದವರು ಹಳೆಯ ಗ್ನೋಮ್ 2ನ್ನು ‘ಮಾತೆ’ ಎಂಬ ಹೆಸರಿನಿಂದ ಮುಂದುವರಿಸಿದರು. ಉಬುಂಟು ಕೆಲವು ವರ್ಷ ‘ಯೂನಿಟಿ’ ಎಂಬ ತನ್ನದೇ ಪರಿಸರವನ್ನು ಬಳಸಿ, 2017ರಲ್ಲಿ ಮತ್ತೆ ಗ್ನೋಮ್‌ಗೆ ಮರಳಿತು. ಹೀಗೆ ಪರಿಸರಕ್ಕೊಂದು ಫಲಕ ಇರುವುದರಿಂದ, ದೋಷದ ಲಕ್ಷಣ ಒಂದೇ ಆದರೂ ಪರಿಹಾರದ ವಿವರಗಳು ಬೇರೆಬೇರೆಯಾಗಿವೆ.

ಲಾಗಿನ್ ನಂತರ ನಡೆಯುವ ಕ್ರಮ

ಗುಪ್ತಪದ ಸರಿಯಾಗಿದೆಯೆಂದು ಖಚಿತವಾದ ಬಳಿಕ ‘ಸೆಷನ್ ನಿರ್ವಾಹಕ’ ಎಂಬ ತಂತ್ರಾಂಶ ಚಾಲನೆಗೊಳ್ಳುತ್ತದೆ. ಅದು ಉಳಿದ ಭಾಗಗಳನ್ನು ಒಂದೊಂದಾಗಿ ಎಬ್ಬಿಸುತ್ತದೆ. ಎಕ್ಸ್‌ಎಫ್‌ಸಿಇ, ಮಾತೆ ಮುಂತಾದ ಪರಿಸರಗಳಲ್ಲಿ ಅವು ಮುಖ್ಯವಾಗಿ ಹೀಗಿವೆ:

1. ಕಿಟಕಿ ನಿರ್ವಾಹಕ: ಪ್ರತಿಯೊಂದು ಕಿಟಕಿಗೂ ಶೀರ್ಷಿಕೆಪಟ್ಟಿ ಹಾಕಿ, ಅದನ್ನು ಸರಿಸಲು, ಹಿಗ್ಗಿಸಲು ಮತ್ತು ಮುಚ್ಚಲು ಅನುವು ಮಾಡುವ ಭಾಗ.
2. ಸೆಟ್ಟಿಂಗ್ ಸೇವೆ: ಅಕ್ಷರಶೈಲಿ, ಬಣ್ಣ, ಕೀಲಿಮಣೆಯ ವಿನ್ಯಾಸ, ಶಾರ್ಟ್‌ಕಟ್ ಕೀಲಿಗಳು ಇತ್ಯಾದಿಗಳನ್ನು ಒದಗಿಸುವ ಭಾಗ.
3. ಡೆಸ್ಕ್‌ಟಾಪ್ ಹಿನ್ನೆಲೆ: ಚಿತ್ರವನ್ನೂ ಅದರ ಮೇಲಿನ ಚಿಹ್ನೆಗಳನ್ನೂ ತೋರಿಸುವ ಭಾಗ.
4. ಫಲಕ: ಮೆನು, ಕಿಟಕಿಗಳ ಪಟ್ಟಿ, ಗಡಿಯಾರ ಮುಂತಾದವುಗಳಿಗೆ ಆಸರೆಯಾಗುವ ಭಾಗ.

ಗಡಿಯಾರ, ಧ್ವನಿ ನಿಯಂತ್ರಣ, ಹವಾಮಾನ ಮೊದಲಾದವು ಫಲಕಕ್ಕೆ ಜೋಡಿಸಿದ ಕಿರು ಅನ್ವಯಗಳು. ಇವುಗಳಲ್ಲಿ ಒಂದು ಸಿಕ್ಕಿಹಾಕಿಕೊಂಡರೂ ಕೆಲವೊಮ್ಮೆ ಇಡೀ ಫಲಕ ತೆರೆಯುವುದಿಲ್ಲ. ಬಳಕೆದಾರರ ದಾಖಲೆಗಳು ಮತ್ತು ಚಿತ್ರಗಳು ‘ಹೋಮ್’ ಕಡತಕೋಶದಲ್ಲಿ ಇರುತ್ತವೆ; ಮೇಲಿನ ನಾಲ್ಕರಲ್ಲಿ ಯಾವುದು ನಿಂತರೂ ಅವಕ್ಕೆ ಧಕ್ಕೆಯಿಲ್ಲ.

ದೋಷವನ್ನು ಗುರುತಿಸುವುದು

ಹೊರನೋಟಕ್ಕೆ ಒಂದೇ ರೀತಿ ತೋರುವ ಬೇರೆ ದೋಷಗಳಿಂದ ಇದನ್ನು ಮೊದಲು ಪ್ರತ್ಯೇಕಿಸಬೇಕು.

• ಗುಪ್ತಪದ ಕೊಟ್ಟ ಕೂಡಲೇ ಮತ್ತೆ ಲಾಗಿನ್ ಪರದೆಯೇ ಬಂದರೆ, ಅದು ಫಲಕದ ದೋಷವಲ್ಲ, ಸೆಷನ್ನೇ ಆರಂಭವಾಗುತ್ತಿಲ್ಲ. ಡಿಸ್ಕ್ ತುಂಬಿರುವುದು ಅಥವಾ ಹೋಮ್ ಕಡತಕೋಶದ ಕೆಲವು ಕಡತಗಳ ಒಡೆತನ ಬದಲಾಗಿರುವುದು ಇದಕ್ಕೆ ಸಾಮಾನ್ಯ ಕಾರಣ.
• ಪರದೆ ಪೂರ್ಣ ಕಪ್ಪಾಗಿದ್ದು ಬಾಣದ ಗುರುತೂ ಇಲ್ಲದಿದ್ದರೆ, ಗ್ರಾಫಿಕ್ಸ್ ಚಾಲಕ ತಂತ್ರಾಂಶವನ್ನು ಶಂಕಿಸಬೇಕು.
• ಫಲಕವಿದ್ದು ಕಿಟಕಿಗಳಿಗೆ ಶೀರ್ಷಿಕೆಪಟ್ಟಿ ಇಲ್ಲದಿದ್ದರೆ, ಕಿಟಕಿ ನಿರ್ವಾಹಕ ನಿಂತಿದೆ.
• ಫಲಕವಿದ್ದು ಅದರ ಮೇಲಿನ ಕನ್ನಡ ಅಕ್ಷರಗಳ ಬದಲು ಚೌಕಗಳು ಕಾಣುತ್ತಿದ್ದರೆ, ಕನ್ನಡ ಅಕ್ಷರಶೈಲಿ ಸ್ಥಾಪನೆಯಾಗಿಲ್ಲ. ಲೋಹಿತ್ ಕನ್ನಡ, ಗುಬ್ಬಿ, ನವಿಲು ಮುಂತಾದ ಮುಕ್ತ ಅಕ್ಷರಶೈಲಿಗಳಲ್ಲಿ ಒಂದನ್ನು ಸ್ಥಾಪಿಸಿದರೆ ಸರಿಹೋಗುತ್ತದೆ.
• ಹಿನ್ನೆಲೆ ಚಿತ್ರ ಮತ್ತು ಬಾಣವಿದ್ದು ಪಟ್ಟಿ ಮಾತ್ರ ಇಲ್ಲದಿದ್ದರೆ, ಅದೇ ಫಲಕದ ದೋಷ.

ಕಾರಣಗಳು

ಉಳಿಸಿದ ಸೆಷನ್: ಕೆಲವು ಪರಿಸರಗಳಲ್ಲಿ ಗಣಕವನ್ನು ಮುಚ್ಚುವಾಗ ‘ಮುಂದಿನ ಲಾಗಿನ್‌ಗಾಗಿ ಸೆಷನ್ ಉಳಿಸು’ ಎಂಬ ಆಯ್ಕೆ ಇರುತ್ತದೆ. ಫಲಕವು ನಿಂತಿದ್ದ ಸಮಯದಲ್ಲಿ ಈ ಆಯ್ಕೆಯೊಂದಿಗೆ ಗಣಕವನ್ನು ಮುಚ್ಚಿದರೆ, ‘ಫಲಕವಿಲ್ಲದ ಸ್ಥಿತಿ’ಯೇ ಉಳಿದುಬಿಡುತ್ತದೆ. ಪ್ರತಿ ಲಾಗಿನ್‌ನಲ್ಲಿಯೂ ವ್ಯವಸ್ಥೆಯು ಆ ಸ್ಥಿತಿಯನ್ನೇ ಮರಳಿ ತರುತ್ತದೆ. ಎಷ್ಟು ಬಾರಿ ಗಣಕವನ್ನು ಆರಿಸಿ ಹಚ್ಚಿದರೂ ದೋಷ ಹೋಗದಿರಲು ಇದೇ ಒಂದು ಕಾರಣ.

ಹಾಳಾದ ಸೆಟ್ಟಿಂಗ್ ಕಡತ: ಸೆಟ್ಟಿಂಗ್ ಬರೆಯುತ್ತಿರುವಾಗಲೇ ವಿದ್ಯುತ್ ಹೋದರೆ ಆ ಕಡತ ಅಪೂರ್ಣವಾಗಿಯೋ ಖಾಲಿಯಾಗಿಯೋ ಉಳಿಯಬಹುದು. ಯುಪಿಎಸ್ ಇಲ್ಲದ ಕಡೆಗಳಲ್ಲಿ ಈ ಅಪಾಯ ಹೆಚ್ಚು.

ತುಂಬಿದ ಡಿಸ್ಕ್: ಹೋಮ್ ಕಡತಕೋಶವಿರುವ ವಿಭಾಗದಲ್ಲಿ ಸ್ಥಳ ಉಳಿಯದಿದ್ದರೆ ಫಲಕವು ತನ್ನ ತಾತ್ಕಾಲಿಕ ಕಡತಗಳನ್ನು ಬರೆಯಲಾರದು.

ಒಡೆತನದ ಬದಲಾವಣೆ: ಸಾಮಾನ್ಯ ಅನ್ವಯವನ್ನು ನಿರ್ವಾಹಕರ ಅಧಿಕಾರದಲ್ಲಿ, ಅಂದರೆ ‘ಸುಡೊ’ ಬಳಸಿ ತೆರೆದಾಗ, ಹೋಮ್ ಕಡತಕೋಶದ ಕೆಲವು ಸೆಟ್ಟಿಂಗ್ ಕಡತಗಳು ನಿರ್ವಾಹಕರ ಹೆಸರಿಗೆ ಹೋಗಬಹುದು. ಆಗ ಬಳಕೆದಾರರ ಫಲಕಕ್ಕೆ ಅವುಗಳಲ್ಲಿ ಬರೆಯುವ ಹಕ್ಕು ಇರುವುದಿಲ್ಲ.

ಪರದೆಯ ಬದಲಾವಣೆ: ಪ್ರೊಜೆಕ್ಟರ್ ಅಥವಾ ಎರಡನೆಯ ಪರದೆ ಜೋಡಿಸಿದ್ದಾಗ ಫಲಕವನ್ನು ಅದರ ಮೇಲೆ ಇರಿಸಿದ್ದರೆ, ಪ್ರೊಜೆಕ್ಟರ್ ತೆಗೆದ ಮೇಲೆ ಫಲಕವು ಕಾಣದಂತಾಗಬಹುದು. ಫಲಕವು ತಾನಾಗಿಯೇ ಮರೆಯಾಗುವಂತೆ ಸೆಟ್ಟಿಂಗ್ ಮಾಡಿದ್ದಾಗಲೂ ಇದೇ ಲಕ್ಷಣ ಕಾಣುತ್ತದೆ. ಆಗ ಬಾಣವನ್ನು ಪರದೆಯ ಅಂಚಿಗೆ ಒಯ್ದರೆ ಫಲಕ ಹೊರಬರುತ್ತದೆ.

ಬೇರೆ ಸೆಷನ್‌ನ ಆಯ್ಕೆ: ಲಾಗಿನ್ ಪರದೆಯಲ್ಲಿ ಸೆಷನ್ ಆರಿಸುವ ಚಿಹ್ನೆ ಇರುತ್ತದೆ. ಅಲ್ಲಿ ಅರಿಯದೆ ‘ಓಪನ್‌ಬಾಕ್ಸ್’ನಂತಹ ಬರಿಯ ಕಿಟಕಿ ನಿರ್ವಾಹಕವನ್ನು ಆರಿಸಿದ್ದರೆ ಫಲಕ ಬರುವುದೇ ಇಲ್ಲ. ಇದು ದೋಷವಲ್ಲ, ಆ ಸೆಷನ್‌ನ ಸ್ವಭಾವ.

ಆವೃತ್ತಿಯ ಬದಲಾವಣೆ: ವ್ಯವಸ್ಥೆಯನ್ನು ಹೊಸ ಆವೃತ್ತಿಗೆ ಏರಿಸಿದಾಗ ಹಳೆಯ ಕಿರು ಅನ್ವಯಗಳು ಅಥವಾ ವಿಸ್ತರಣೆಗಳು ಹೊಸ ಫಲಕದೊಂದಿಗೆ ಹೊಂದದಿರಬಹುದು. ಏರಿಕೆ ಅರ್ಧಕ್ಕೆ ನಿಂತಿದ್ದರೆ ಫಲಕದ ತಂತ್ರಾಂಶವೇ ಪೂರ್ಣವಾಗಿ ಸ್ಥಾಪನೆಯಾಗಿರುವುದಿಲ್ಲ.

ಪರಿಹಾರದ ಕ್ರಮ

ಹಗುರವಾದ, ಹಿಂದಿರುಗಿಸಬಹುದಾದ ಕ್ರಮಗಳನ್ನು ಮೊದಲು ಮಾಡಿ, ಫಲ ದೊರೆಯದಿದ್ದರೆ ಮಾತ್ರ ಮುಂದಿನದಕ್ಕೆ ಹೋಗುವುದು ಸರಿಯಾದ ವಿಧಾನ. ಈ ಲೇಖನದಲ್ಲಿ ಆದೇಶಗಳನ್ನು ಉಚ್ಚಾರಣೆಯಂತೆ ಕನ್ನಡ ಲಿಪಿಯಲ್ಲಿ ಕೊಟ್ಟಿದೆ. ಗಣಕದಲ್ಲಿ ಅವುಗಳನ್ನು ರೋಮನ್ ಲಿಪಿಯ ಸಣ್ಣ ಅಕ್ಷರಗಳಲ್ಲಿ ಟೈಪಿಸಬೇಕು.

1. ಕಾಯುವುದು ಮತ್ತು ನೋಡುವುದು. ಹಳೆಯ ಗಣಕಗಳಲ್ಲಿ ಫಲಕ ಬರಲು ಒಂದೆರಡು ನಿಮಿಷ ತಗಲಬಹುದು. ಬಾಣವನ್ನು ನಾಲ್ಕೂ ಅಂಚುಗಳಿಗೆ ಒಯ್ದು ನೋಡಬೇಕು. ಪ್ರೊಜೆಕ್ಟರಿನ ಕೇಬಲ್ ಸಿಕ್ಕಿಸಿದ್ದರೆ ತೆಗೆದು, ಮತ್ತೆ ಲಾಗಿನ್ ಆಗಬೇಕು.

2. ಸೆಷನ್ ಪರಿಶೀಲನೆ. ಲಾಗಿನ್ ಪರದೆಯಲ್ಲಿ ಸರಿಯಾದ ಸೆಷನ್ ಆಯ್ಕೆಯಾಗಿದೆಯೇ ಎಂದು ನೋಡಬೇಕು.

3. ಫಲಕವನ್ನು ಕೈಯಾರೆ ಆರಂಭಿಸುವುದು. ಆಲ್ಟ್ ಕೀಲಿಯೊಂದಿಗೆ ಎಫ್2 ಒತ್ತಿದರೆ ಆದೇಶ ಬರೆಯುವ ಚಿಕ್ಕ ಕಿಟಕಿ ತೆರೆಯುತ್ತದೆ. ಉಬುಂಟು ಬಳಗದ ಅನೇಕ ವ್ಯವಸ್ಥೆಗಳಲ್ಲಿ ಕಂಟ್ರೋಲ್, ಆಲ್ಟ್ ಮತ್ತು ಟಿ ಕೀಲಿಗಳನ್ನು ಒಟ್ಟಿಗೆ ಒತ್ತಿ ಟರ್ಮಿನಲ್ ತೆರೆಯಬಹುದು. ಎಕ್ಸ್‌ಎಫ್‌ಸಿಇಯಲ್ಲಿ ಖಾಲಿ ಹಿನ್ನೆಲೆಯ ಮೇಲೆ ಬಲಗುಂಡಿ ಒತ್ತಿದರೂ ಅನ್ವಯಗಳ ಪಟ್ಟಿ ದೊರೆಯುತ್ತದೆ. ಅಲ್ಲಿಂದ ಫಲಕದ ಆದೇಶವನ್ನು ನೀಡಬೇಕು. ಫಲಕ ಬಂದು ಹಾಗೆಯೇ ಉಳಿದರೆ, ತಂತ್ರಾಂಶ ಸರಿಯಿದೆ. ಲಾಗಿನ್ ವೇಳೆ ಅದನ್ನು ಯಾರೂ ಎಬ್ಬಿಸುತ್ತಿಲ್ಲ ಎಂದರ್ಥ. ಆಗ ಸೆಷನ್ ಉಳಿಸುವ ಆಯ್ಕೆಯೊಂದಿಗೆ ಒಮ್ಮೆ ಲಾಗೌಟ್ ಮಾಡಿದರೆ ಸಾಕಾಗುತ್ತದೆ. ಟರ್ಮಿನಲ್‌ನಿಂದ ಆರಂಭಿಸಿದಾಗ ಫಲಕ ಬಾರದೆ ದೋಷದ ಸಂದೇಶ ಮೂಡಿದರೆ, ಆ ಸಂದೇಶವನ್ನು ಬರೆದಿಟ್ಟುಕೊಳ್ಳಬೇಕು.

4. ಸ್ಥಳದ ಪರಿಶೀಲನೆ. ‘ಡಿಎಫ್ -ಎಚ್’ ಎಂಬ ಆದೇಶವು ಪ್ರತಿ ವಿಭಾಗದಲ್ಲಿ ಎಷ್ಟು ಸ್ಥಳ ಉಳಿದಿದೆಯೆಂದು ತೋರಿಸುತ್ತದೆ. ಶೇಕಡಾ 100 ತುಂಬಿದ್ದರೆ ಅನುಪಯುಕ್ತ ಕಡತಗಳನ್ನೂ ಕಸದಬುಟ್ಟಿಯನ್ನೂ ಖಾಲಿ ಮಾಡಬೇಕು.

5. ಒಡೆತನದ ಪರಿಶೀಲನೆ. ‘ಎಲ್‌ಎಸ್ -ಎಲ್‌ಎ’ ಎಂಬ ಆದೇಶವು ಹೋಮ್ ಕಡತಕೋಶದ ಮರೆಯ ಕಡತಗಳನ್ನೂ ಅವುಗಳ ಒಡೆಯರ ಹೆಸರನ್ನೂ ಪಟ್ಟಿ ಮಾಡುತ್ತದೆ. ಬಳಕೆದಾರರ ಸೆಟ್ಟಿಂಗ್ ಕಡತಗಳ ಮುಂದೆ ‘ರೂಟ್’ ಎಂದಿದ್ದರೆ, ನಿರ್ವಾಹಕರು ‘ಚೌನ್’ (ಸಿಎಚ್‌ಒಡಬ್ಲ್ಯುಎನ್) ಆದೇಶದಿಂದ ಒಡೆತನವನ್ನು ಮರಳಿಸಬೇಕು.

6. ಹೊಸ ಬಳಕೆದಾರರ ಪರೀಕ್ಷೆ. ಗಣಕದಲ್ಲಿ ಇನ್ನೊಂದು ಬಳಕೆದಾರ ಖಾತೆಯನ್ನು ಸೃಷ್ಟಿಸಿ ಅದರಲ್ಲಿ ಲಾಗಿನ್ ಆಗುವುದು ಈ ದೋಷದ ಅತ್ಯಂತ ನಿರ್ಣಾಯಕ ಪರೀಕ್ಷೆ. ಹೊಸ ಖಾತೆಯಲ್ಲಿ ಫಲಕ ಬಂದರೆ ವ್ಯವಸ್ಥೆ ಸರಿಯಿದೆ, ಹಳೆಯ ಖಾತೆಯ ಸೆಟ್ಟಿಂಗ್ ಮಾತ್ರ ಕೆಟ್ಟಿದೆ. ಅಲ್ಲಿಯೂ ಬಾರದಿದ್ದರೆ ತಂತ್ರಾಂಶದ ಸ್ಥಾಪನೆಯಲ್ಲಿಯೇ ದೋಷವಿದೆ. ಈ ಒಂದು ಪರೀಕ್ಷೆಯು ಮುಂದಿನ ದಾರಿಯನ್ನು ಎರಡಾಗಿ ಕವಲೊಡೆಸುತ್ತದೆ.

7. ಸೆಟ್ಟಿಂಗ್‌ಗಳ ಮರುಹೊಂದಿಕೆ. ಹಳೆಯ ಖಾತೆಯ ಸೆಟ್ಟಿಂಗ್ ಕೆಟ್ಟಿದ್ದರೆ, ಫಲಕದ ಸೆಟ್ಟಿಂಗ್ ಕಡತಗಳನ್ನು ಅಳಿಸದೆ ಅವುಗಳ ಹೆಸರು ಬದಲಾಯಿಸಬೇಕು. ಹೆಸರಿನ ಕೊನೆಗೆ ‘ಹಳೆಯ’ ಎಂಬರ್ಥದ ಪದವೊಂದನ್ನು ಸೇರಿಸಿದರೆ ಸಾಕು. ಮುಂದಿನ ಲಾಗಿನ್‌ನಲ್ಲಿ ಫಲಕವು ಮೂಲ ಸ್ಥಿತಿಯಲ್ಲಿ ಹೊಸದಾಗಿ ರಚನೆಯಾಗುತ್ತದೆ. ಅದರಿಂದ ಪ್ರಯೋಜನವಾಗದಿದ್ದರೆ ಹಳೆಯ ಹೆಸರನ್ನೇ ಮರಳಿ ಕೊಡಬಹುದು.

8. ತಂತ್ರಾಂಶದ ಮರುಸ್ಥಾಪನೆ. ಹೊಸ ಖಾತೆಯಲ್ಲಿಯೂ ಫಲಕ ಬಾರದಿದ್ದರೆ, ಅರ್ಧಕ್ಕೆ ನಿಂತ ಸ್ಥಾಪನೆಯನ್ನು ಪೂರ್ಣಗೊಳಿಸಿ, ಫಲಕದ ತಂತ್ರಾಂಶವನ್ನಷ್ಟೇ ಮತ್ತೆ ಸ್ಥಾಪಿಸಬೇಕು. ಇದಕ್ಕೆ ಅಂತರಜಾಲ ಸಂಪರ್ಕ ಬೇಕಾಗುತ್ತದೆ. ದಾಖಲೆಗಳಿಗೆ ಯಾವ ತೊಂದರೆಯೂ ಇಲ್ಲ.

ಯಾವ ಕಿಟಕಿಯೂ ತೆರೆಯದಿದ್ದಾಗ ಕಂಟ್ರೋಲ್, ಆಲ್ಟ್ ಮತ್ತು ಎಫ್3 ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಅಕ್ಷರಗಳಷ್ಟೇ ಇರುವ ಕಪ್ಪು ಪರದೆ ಬರುತ್ತದೆ. ಅಲ್ಲಿ ಲಾಗಿನ್ ಆಗಿ 4 ಮತ್ತು 5ನೆಯ ಪರಿಶೀಲನೆಗಳನ್ನೂ 7 ಮತ್ತು 8ನೆಯ ಕ್ರಮಗಳನ್ನೂ ಕೈಗೊಳ್ಳಬಹುದು. ದೋಷದ ದಾಖಲೆಯು ಹೋಮ್ ಕಡತಕೋಶದ ‘.ಎಕ್ಸ್‌ಸೆಷನ್-ಎರರ್ಸ್’ ಕಡತದಲ್ಲಿ, ಇಲ್ಲವೇ ‘ಜರ್ನಲ್‌ಸಿಟಿಎಲ್’ ಆದೇಶ ನೀಡಿದಾಗ ದೊರೆಯುತ್ತದೆ.

ಪರಿಸರವಾರು ವಿವರ

ಎಕ್ಸ್‌ಎಫ್‌ಸಿಇ: ಫಲಕದ ಆದೇಶ ‘ಎಕ್ಸ್‌ಎಫ್‌ಸಿಇ4-ಪ್ಯಾನಲ್’. ಉಳಿಸಿದ ಸೆಷನ್‌ಗಳು ಹೋಮ್‌ನೊಳಗಿನ ‘.ಕ್ಯಾಶ್’ ಕಡತಕೋಶದ ‘ಸೆಷನ್ಸ್’ ಎಂಬಲ್ಲಿ ಇರುತ್ತವೆ. ಅವುಗಳನ್ನು ತೆರವು ಮಾಡಿದರೆ ಮುಂದಿನ ಲಾಗಿನ್ ಮೂಲ ರೂಪದಲ್ಲಿ ಆರಂಭವಾಗುತ್ತದೆ. ಫಲಕದ ಸೆಟ್ಟಿಂಗ್‌ಗಳು ‘.ಕಾನ್‌ಫಿಗ್’ ಕಡತಕೋಶದೊಳಗಿನ ‘ಎಕ್ಸ್‌ಎಫ್‌ಸಿಇ4’ ಎಂಬಲ್ಲಿವೆ. ಸೆಟ್ಟಿಂಗ್ ಸೇವೆಯಾದ ‘ಎಕ್ಸ್‌ಎಫ್‌ಕಾನ್ಫ್’ ಹಳೆಯ ಬೆಲೆಗಳನ್ನು ನೆನಪಿನಲ್ಲಿ ಇಟ್ಟುಕೊಂಡಿರುವುದರಿಂದ, ಲಾಗೌಟ್ ಆಗಿ ಕಪ್ಪು ಪರದೆಯಿಂದ ಈ ಬದಲಾವಣೆ ಮಾಡುವುದು ಸುರಕ್ಷಿತ. ಹಳೆಯ ಆವೃತ್ತಿಗಳಲ್ಲಿ ಮೊದಲ ಬಾರಿ ತೆರೆದ ಫಲಕವು ‘ಮೂಲ ವಿನ್ಯಾಸ ಬೇಕೇ, ಖಾಲಿ ಫಲಕ ಬೇಕೇ’ ಎಂದು ಕೇಳುತ್ತದೆ. ಮೂಲ ವಿನ್ಯಾಸವನ್ನೇ ಆರಿಸಬೇಕು.

ಮಾತೆ: ಫಲಕದ ಆದೇಶ ‘ಮಾತೆ-ಪ್ಯಾನಲ್’ (ರೋಮನ್ ಲಿಪಿಯಲ್ಲಿ ಎಂ-ಎ-ಟಿ-ಇ). ಅದಕ್ಕೆ ‘--ರೀಸೆಟ್’ ಎಂದು ಸೇರಿಸಿದರೆ ಮೂಲ ವಿನ್ಯಾಸ ಮರಳುತ್ತದೆ.

ಕೆಡಿಇ ಪ್ಲಾಸ್ಮಾ: ಹಿನ್ನೆಲೆ ಮತ್ತು ಫಲಕ ಎರಡನ್ನೂ ‘ಪ್ಲಾಸ್ಮಾಶೆಲ್’ ನಿರ್ವಹಿಸುತ್ತದೆ. ಆದುದರಿಂದ ಅದು ನಿಂತರೆ ಹಿನ್ನೆಲೆಯೂ ಕಪ್ಪಾಗುತ್ತದೆ, ಕಿಟಕಿಗಳು ಮಾತ್ರ ಉಳಿಯುತ್ತವೆ. ‘ಪ್ಲಾಸ್ಮಾಶೆಲ್ --ರೀಪ್ಲೇಸ್’ ಎಂಬುದು ಅದನ್ನು ಮತ್ತೆ ಆರಂಭಿಸುವ ಆದೇಶ.

ಗ್ನೋಮ್: ಇಲ್ಲಿ ಫಲಕ ಬೇರೆಯಲ್ಲ. ಶೆಲ್ ಕುಸಿದರೆ ‘ಏನೋ ತಪ್ಪಾಗಿದೆ’ ಎಂಬರ್ಥದ ಪೂರ್ಣ ಪರದೆಯ ಸಂದೇಶ ಬರುತ್ತದೆ. ಬಳಕೆದಾರರು ಸೇರಿಸಿದ ವಿಸ್ತರಣೆಗಳನ್ನು ನಿಷ್ಕ್ರಿಯಗೊಳಿಸುವುದು ಇಲ್ಲಿ ಮೊದಲ ಪರಿಹಾರ.

ವಿಂಡೋಸ್: ಟಾಸ್ಕ್‌ಬಾರ್ ‘ಎಕ್ಸ್‌ಪ್ಲೋರರ್’ ತಂತ್ರಾಂಶದ ಭಾಗ. ಕಂಟ್ರೋಲ್, ಶಿಫ್ಟ್ ಮತ್ತು ಎಸ್ಕೇಪ್ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆದು, ಹೊಸ ಕಾರ್ಯ ಆರಂಭಿಸುವಲ್ಲಿ ‘ಎಕ್ಸ್‌ಪ್ಲೋರರ್’ ಎಂದು ಬರೆದರೆ ಅದು ಮರಳುತ್ತದೆ.

ಕನ್ನಡ ಬಳಕೆದಾರರು ಗಮನಿಸಬೇಕಾದ ಅಂಶಗಳು

ಕನ್ನಡದಲ್ಲಿ ಗಣಕ ಬಳಸುವವರಿಗೆ ಈ ದೋಷದ ಸಂದರ್ಭದಲ್ಲಿ ಕೆಲವು ವಿಶೇಷ ಗೊಂದಲಗಳು ಎದುರಾಗುತ್ತವೆ.

ಇನ್‌ಸ್ಕ್ರಿಪ್ಟ್ ಅಥವಾ ಕಗಪ ವಿನ್ಯಾಸದಿಂದ ಇಂಗ್ಲಿಷಿಗೆ ಬದಲಾಯಿಸುವ ಚಿಹ್ನೆಯು ಫಲಕದ ಮೇಲೆ ಇರುತ್ತದೆ. ಫಲಕವಿಲ್ಲದಾಗ ಕೀಲಿಮಣೆ ಯಾವ ಭಾಷೆಯಲ್ಲಿದೆಯೆಂದು ತಿಳಿಯುವುದಿಲ್ಲ. ಆದೇಶ ಟೈಪಿಸುವಾಗ ಕನ್ನಡ ಅಕ್ಷರಗಳು ಮೂಡಿದರೆ ಭಾಷೆ ಬದಲಾಯಿಸುವ ಶಾರ್ಟ್‌ಕಟ್ ಕೀಲಿಗಳನ್ನು ಬಳಸಬೇಕು. ಅನೇಕ ವ್ಯವಸ್ಥೆಗಳಲ್ಲಿ ಅದು ಸೂಪರ್ ಅಂದರೆ ವಿಂಡೋಸ್ ಚಿಹ್ನೆಯ ಕೀಲಿ ಮತ್ತು ಸ್ಪೇಸ್ ಆಗಿರುತ್ತದೆ. ಲಾಗಿನ್ ಪರದೆಯಲ್ಲಿ ಗುಪ್ತಪದ ತಪ್ಪೆಂದು ಬರುವುದಕ್ಕೂ ಇದೇ ಕಾರಣವಾಗಿರಬಹುದು.

ಅಕ್ಷರಗಳಷ್ಟೇ ಇರುವ ಕಪ್ಪು ಪರದೆಯು ಕನ್ನಡದ ಒತ್ತಕ್ಷರ ಮತ್ತು ಗುಣಿತಾಕ್ಷರಗಳನ್ನು ರಚಿಸಲಾರದು. ಅಲ್ಲಿ ಕಡತಗಳ ಪಟ್ಟಿ ನೋಡಿದಾಗ ಕನ್ನಡ ಹೆಸರಿನ ಕಡತಗಳು ಚೌಕಗಳಾಗಿಯೋ ಪ್ರಶ್ನಾರ್ಥಕ ಚಿಹ್ನೆಗಳಾಗಿಯೋ ಕಾಣುತ್ತವೆ. ಇದನ್ನು ಕಂಡು ಕಡತಗಳು ಹಾಳಾಗಿವೆ ಎಂದು ಭಾವಿಸಿ ಅಳಿಸಬಾರದು. ಫಲಕ ಸರಿಹೋದ ಮೇಲೆ ಅದೇ ಹೆಸರುಗಳು ಶುದ್ಧ ಕನ್ನಡದಲ್ಲಿ ಕಾಣುತ್ತವೆ.

ವ್ಯವಸ್ಥೆಯ ಭಾಷೆಯನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ಬದಲಾಯಿಸಿದ ಮೊದಲ ಲಾಗಿನ್‌ನಲ್ಲಿ, ‘ದಾಖಲೆಗಳು’, ‘ಚಿತ್ರಗಳು’ ಮುಂತಾದ ಕಡತಕೋಶಗಳ ಹೆಸರನ್ನು ಕನ್ನಡಕ್ಕೆ ಬದಲಾಯಿಸಬೇಕೇ ಎಂದು ಗ್ನೋಮ್ ಮೊದಲಾದ ಪರಿಸರಗಳು ಕೇಳುತ್ತವೆ. ಒಪ್ಪಿದರೆ ಹಳೆಯ ಹೆಸರಿನ ಕಡತಕೋಶದಲ್ಲಿದ್ದ ಕಡತಗಳು ಕಣ್ಮರೆಯಾದಂತೆ ತೋರಬಹುದು. ಹೋಮ್ ಕಡತಕೋಶದಲ್ಲಿ ಹುಡುಕಿದರೆ ಎರಡೂ ಹೆಸರಿನ ಕಡತಕೋಶಗಳು ದೊರೆಯುತ್ತವೆ. ಹಳೆಯ ಹೆಸರನ್ನೇ ಉಳಿಸಿಕೊಳ್ಳುವುದು ದೋಷ ನಿವಾರಣೆಯ ದೃಷ್ಟಿಯಿಂದ ಅನುಕೂಲಕರ, ಏಕೆಂದರೆ ಕಪ್ಪು ಪರದೆಯಲ್ಲಿ ರೋಮನ್ ಹೆಸರುಗಳನ್ನು ಸುಲಭವಾಗಿ ಟೈಪಿಸಬಹುದು.

ಕರ್ನಾಟಕದ ಶಾಲೆಗಳಲ್ಲಿ

ಕರ್ನಾಟಕದ ಸರ್ಕಾರಿ ಪ್ರೌಢಶಾಲಾ ಶಿಕ್ಷಕರಿಗೆ ಸ್ವತಂತ್ರ ತಂತ್ರಾಂಶದ ಪರಿಚಯವಾಗುವಲ್ಲಿ 2010ರ ದಶಕದ ವಿಷಯ ಶಿಕ್ಷಕರ ವೇದಿಕೆ ಕಾರ್ಯಕ್ರಮಕ್ಕೆ ಮುಖ್ಯ ಸ್ಥಾನವಿದೆ. ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆ, ರಾಷ್ಟ್ರೀಯ ಮಾಧ್ಯಮಿಕ ಶಿಕ್ಷಣ ಅಭಿಯಾನ ಹಾಗೂ ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆಗಳು ಇದನ್ನು ಜೊತೆಗೂಡಿ ನಡೆಸಿದವು. ಶಿಕ್ಷಕರು ಉಬುಂಟು ವ್ಯವಸ್ಥೆಯಲ್ಲಿ ಜಿಯೊಜಿಬ್ರಾದಂತಹ ಕಲಿಕಾ ತಂತ್ರಾಂಶಗಳನ್ನು ಬಳಸಲು ಕಲಿತರು. ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲ (ಕೋಯರ್) ಜಾಲತಾಣದ ಕನ್ನಡ ಪುಟಗಳೂ ಈ ಪ್ರಯತ್ನದ ಭಾಗವಾಗಿ ಬೆಳೆದವು.

ಶಾಲಾ ಪ್ರಯೋಗಾಲಯದಲ್ಲಿ ಒಂದೇ ಖಾತೆಯನ್ನು ಹಲವು ವಿದ್ಯಾರ್ಥಿಗಳು ಬಳಸಿದಾಗ ಫಲಕದ ದೋಷ ಹೆಚ್ಚು ಸಂಭವಿಸುತ್ತದೆ. ಕುತೂಹಲದಿಂದ ಒಬ್ಬ ವಿದ್ಯಾರ್ಥಿ ಫಲಕವನ್ನು ತೆಗೆದುಹಾಕಿದರೆ, ಮುಂದಿನ ತರಗತಿಯವರಿಗೆ ಖಾಲಿ ಪರದೆ ಎದುರಾಗುತ್ತದೆ. ಮಾತೆ ಪರಿಸರದಲ್ಲಿ ಫಲಕವನ್ನು ಯಾರೂ ಬದಲಾಯಿಸದಂತೆ ಬೀಗ ಹಾಕುವ ಸೆಟ್ಟಿಂಗ್ ಇದೆ. ಎಕ್ಸ್‌ಎಫ್‌ಸಿಇಯಲ್ಲಿಯೂ ‘ಕಿಯಾಸ್ಕ್’ ಎಂಬ ಇಂತಹ ವ್ಯವಸ್ಥೆಯಿದೆ. ಶಿಕ್ಷಕರಿಗೂ ವಿದ್ಯಾರ್ಥಿಗಳಿಗೂ ಬೇರೆಬೇರೆ ಖಾತೆ ಇರುವುದು ಇನ್ನೂ ಸರಳ ಉಪಾಯ.

ವಿಜಯಪುರ ಜಿಲ್ಲೆಯ ಸಿಂದಗಿ, ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯಂತಹ ತಾಲ್ಲೂಕುಗಳ ಹಳ್ಳಿಯ ಶಾಲೆಗಳಿಗೆ ಈ ತಿಳಿವಳಿಕೆಯಿಂದ ವಿಶೇಷ ಪ್ರಯೋಜನವಿದೆ. ಸಿಂದಗಿಯಿಂದ ಜಿಲ್ಲಾ ಕೇಂದ್ರಕ್ಕೆ ಸುಮಾರು 60 ಕಿ.ಮೀ. ದೂರ, ಹಳ್ಳಿಯಿಂದ ಸಿಂದಗಿಗೆ ಬರುವ ದಾರಿ ಬೇರೆ. ಗಣಕವನ್ನು ಬಸ್ಸಿನಲ್ಲಿ ದುರಸ್ತಿಗೆ ಒಯ್ದು, ಅಲ್ಲಿ ಡಿಸ್ಕನ್ನು ಅಳಿಸಿ ಹೊಸ ವ್ಯವಸ್ಥೆ ಹಾಕಿಸಿಕೊಂಡು ಬಂದರೆ, ಗಣಕವು ನಡೆಯುತ್ತದೆ ನಿಜ. ಆದರೆ ಅದರಲ್ಲಿದ್ದ ಅಂಕಪಟ್ಟಿ, ಪ್ರಶ್ನೆಪತ್ರಿಕೆ, ಮಕ್ಕಳ ಹಾಜರಾತಿ ದಾಖಲೆಗಳು ಮರಳುವುದಿಲ್ಲ. ಮೇಲೆ ಹೇಳಿದ 8 ಕ್ರಮಗಳಲ್ಲಿ ಮೊದಲ 7ಕ್ಕೆ ಅಂತರಜಾಲವೂ ಬೇಡ, ಹೊಸ ಬಿಡಿಭಾಗವೂ ಬೇಡ.

ಮುನ್ನೆಚ್ಚರಿಕೆಗಳು

• ದುರಸ್ತಿಗೆ ಕೈಹಾಕುವ ಮೊದಲು ಹೋಮ್ ಕಡತಕೋಶವನ್ನು ಪೆನ್‌ಡ್ರೈವ್‌ಗೆ ನಕಲಿಸಿಕೊಳ್ಳಬೇಕು. ಫಲಕ ಇಲ್ಲದಿದ್ದರೂ ಕಡತ ನಿರ್ವಾಹಕವನ್ನು ಆಲ್ಟ್ ಮತ್ತು ಎಫ್2 ಕೀಲಿಗಳ ಮೂಲಕ ತೆರೆಯಬಹುದು. ಲಾಗಿನ್ನೇ ಸಾಧ್ಯವಾಗದಿದ್ದರೆ ಲೈವ್ ಪೆನ್‌ಡ್ರೈವ್‌ನಿಂದ ಗಣಕವನ್ನು ಆರಂಭಿಸಿ ನಕಲಿಸಬಹುದು.
• ಬೇರೆಯವರಿಗೆ ದುರಸ್ತಿಗೆ ಕೊಡುವಾಗ, ಕಡತಗಳ ನಕಲು ಆಗುವವರೆಗೆ ಡಿಸ್ಕ್ ಅಳಿಸಬಾರದೆಂದು ಸ್ಪಷ್ಟವಾಗಿ ಹೇಳಬೇಕು.
• ವ್ಯವಸ್ಥೆಯನ್ನು ಸ್ಥಾಪಿಸುವಾಗಲೇ ಹೋಮ್‌ಗೆ ಪ್ರತ್ಯೇಕ ವಿಭಾಗ ಮಾಡಿದರೆ, ಮುಂದೆ ಮರುಸ್ಥಾಪನೆ ಅನಿವಾರ್ಯವಾದರೂ ಆ ವಿಭಾಗವನ್ನು ಮುಟ್ಟದೆ ಕೆಲಸ ಮುಗಿಸಬಹುದು.
• ಸೆಷನ್ ಉಳಿಸುವ ಆಯ್ಕೆಯನ್ನು ಅಗತ್ಯವಿಲ್ಲದಾಗ ಬಳಸಬಾರದು.
• ಸಾಮಾನ್ಯ ಅನ್ವಯಗಳನ್ನು ನಿರ್ವಾಹಕರ ಅಧಿಕಾರದಲ್ಲಿ ತೆರೆಯಬಾರದು.
• ವಿದ್ಯುತ್ ಆಗಾಗ ಹೋಗುವ ಕಡೆಗಳಲ್ಲಿ ಯುಪಿಎಸ್ ಇರಬೇಕು. ಅದರ ಬ್ಯಾಟರಿ ಗಣಕವನ್ನು ಕ್ರಮವಾಗಿ ಮುಚ್ಚುವಷ್ಟು ಹೊತ್ತಾದರೂ ತಡೆಯುವಂತಿರಬೇಕು.

ಇವನ್ನೂ ನೋಡಿ

• ಕಾರ್ಯಾಚರಣ ವ್ಯವಸ್ಥೆ
• ಲಿನಕ್ಸ್
• ಉಬುಂಟು
• ಸ್ವತಂತ್ರ ತಂತ್ರಾಂಶ
• ಕನ್ನಡ ಕೀಲಿಮಣೆ ವಿನ್ಯಾಸಗಳು
• ಯೂನಿಕೋಡ್